ಎರಡನೇ ಸುತ್ತಿನ ಹುಡುಗ

ಬೈತಖೋಲದ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ ಸಭೆ.
ಕೆಳಗೆ ಯಂತ್ರ ಗುಂಯ್‌ಗುಡುತ್ತದೆ, ಹಾಗಾಗಿ
ಇಲ್ಲಿ ಒಪ್ಪಿಗೆಯನ್ನೂ ಜಗಳದ ದನಿಯಲ್ಲೇ ಹೇಳಬೇಕು.
ನಾನು ಠರಾವು ಪುಸ್ತಕ ಬರೆಯುವವಳು.
ಕಬಡ್ಡಿ ಆಡಿದವಳಲ್ಲ;
ಬರ್ಫದ ಲೆಕ್ಕ ಬರೆಯುವವಳೆಂದು
ತಂಡದ ಲೆಕ್ಕವೂ ನನ್ನ ಕೈಗೆ ಬಂತು.

ವಿಷಯ ಒಂದೇ. ಬೇಲೇಕೇರಿಯವರು
ಉಮಾಕಾಂತ ಹರಿಕಂತ್ರನನ್ನು ಬಿಟ್ಟುಕೊಡುತ್ತಾರಂತೆ.
ವಯಸ್ಸು ಮೂವತ್ತಾರು, ಅವನು ಹೇಳುವುದು ಮೂವತ್ತಮೂರು.
ಎಡ ಮೊಣಕಾಲಿಗೆ ಬೆಲ್ಟು.
ಬದಲಿಗೆ, ಬರುವ ವರ್ಷದ ಹುಡುಗರ ಆಯ್ಕೆಯಲ್ಲಿ
ನಮ್ಮ ಮೊದಲ ಸರದಿ, ಎರಡನೇ ಸರದಿ,
ಎರಡೂ ಅವರಿಗೆ.

"ಕೊಟ್ಟುಬಿಡಿ," ಅಂದರು ತಾಂಡೇಲ ಸಾಹುಕಾರರು.
"ಸರದಿ ಅಂದರೆ ಎಂತದು? ಗಾಳಿ.
ಗಾಳಿ ಕೊಟ್ಟು ಆಳು ತಗೊಂಡರೆ ಲುಕ್ಸಾನು ಯಾರಿಗೆ?
ನನಗೆ ಎಪ್ಪತ್ತೊಂದು. ಕಪ್ಪು ಈ ವರ್ಷ ಬೇಕು."

ಪಿ.ಟಿ. ಮಾಸ್ತರು ಬುದವಂತ ಗೌಡರು
ಕಿಟಕಿಯಲ್ಲಿ ಧಕ್ಕೆ ನೋಡುತ್ತಾ ಕೇಳಿದರು:
"ಸಣ್ಣ ಕಣ್ಣಿನ ಬಲೆ ಬಿಡಬೇಡಿ ಅಂತ
ಕೆಳಗೆ ಬೋರ್ಡು ಹಾಕಿಸಿದವರು ನೀವೇ ಅಲ್ಲವಾ?"
ಯಾರೂ ನಗಲಿಲ್ಲ. ಚಹಾ ಬಂತು.

ನನ್ನ ತೊಡಕು ಬೇರೆ.
ಬರುವವನಿಗೆ ಹೆಸರಿದೆ, ಊರಿದೆ, ಮೊಣಕಾಲಿದೆ.
ಹೋಗುವವನನ್ನು ಬರೆಯುವುದು ಹೇಗೆ?
'ಎರಡನೇ ಸುತ್ತಿನ ಹುಡುಗ' ಅಂತ ಬರೆದೆ.
ಅವನು ಆಗ ಎಲ್ಲೋ,
ಅಮದಳ್ಳಿಯಲ್ಲೋ ಮಾಜಾಳಿಯಲ್ಲೋ,
ಅಣ್ಣನ ಚಡ್ಡಿಗೆ ಗಂಟು ಬಿಗಿದು
ಹಿಮ್ಮಡಿಯಿಂದ ಮರಳಲ್ಲಿ ಅಂಕಣ ಗೀರುತ್ತಿದ್ದಿರಬೇಕು
ತಾನು ಮಾರಾಟವಾದದ್ದು ತಿಳಿಯದೆ.
'ಮಾರಾಟ' ಅಲ್ಲ, 'ವಿನಿಮಯ' ಅಂತ
ಕಾರ್ಯದರ್ಶಿ ತಿದ್ದಿಸಿದರು.

ಉಮಾಕಾಂತ ಸಹಿ ಹಾಕಲು ಬಂದ.
ನೋವಿನ ಮುಲಾಮಿನ ವಾಸನೆ
ಅವನಿಗಿಂತ ಮೊದಲು ಮೆಟ್ಟಿಲು ಹತ್ತಿತು.
"ನನಗೆ ಎಷ್ಟು ಕೊಟ್ರಿ?"
"ಇಬ್ಬರು ಹುಡುಗರು."
ಪೆನ್ನಿನ ಟೋಪಿ ತೆಗೆದ, ಹಾಕಿದ, ತೆಗೆದ.
"ದುಡ್ಡಾಗಿದ್ದರೆ ಸಾಕಿತ್ತು."

ಒಂಬತ್ತು ಪಂದ್ಯಗಳಲ್ಲಿ ಐದು ಪಂದ್ಯ
ಬೆಂಚಿನ ಮೇಲೆ ಕಾಲು ಚಾಚಿ ಕೂತ.
ಅವನ ಕಾಲಿಗೆ ಹೋದ ಬರ್ಫವನ್ನು
ಯಾವ ಖಾತೆಗೆ ಬರೆಯುವುದೆಂದು ನಾನು ಕೇಳಲಿಲ್ಲ.

ಆಮೇಲೆ ಸೆಮಿಫೈನಲ್.
ಮಾಲಾದೇವಿ ಮೈದಾನ, ಹೊನಲು ಬೆಳಕು,
ದೀಪದ ಹುಳುಗಳು ಅಂಕಪಟ್ಟಿಯ ಮೇಲೆ.
ಸಮಸಮ. ಕೊನೆಯ ರೈಡು.
ಹಿತ್ತಲ ತೊಂಡೆ ಬಳ್ಳಿ ನೋಡಲು ಹೊರಟವನಂತೆ
ಗೆರೆ ದಾಟಿ ನಡೆದ.
ಇಪ್ಪತ್ತೈದು ಸೆಕೆಂಡು ಏನೂ ಮಾಡಲಿಲ್ಲ,
ತುಟಿಯಲ್ಲಿ ಕಬಡ್ಡಿ ಕಬಡ್ಡಿ ಅಷ್ಟೇ.
ಎದುರಿನ ಏಳು ಹುಡುಗರ ಕಣ್ಣು
ಅವನ ಎಡ ಮೊಣಕಾಲಿನ ಮೇಲೆ.
ಇನ್ನಷ್ಟು ನೋಡಲಿ ಅಂತ ತುಸು ಕುಂಟಿದ.
ಅಷ್ಟರಲ್ಲಿ ಆ ನೋಯುವ ಕಾಲು ಗಾಳಿಗೆದ್ದು,
ಬಲಗಾಲ ಹೆಬ್ಬೆರಳು ಬೋನಸ್ ಗೆರೆಯಾಚೆ ಹೋಗಿ ಬಂತು,
ಬಾಗಿಲ ಸಂದಿಯಲ್ಲಿ ಬೆಕ್ಕು
ಪಂಜ ಹಾಕಿ ತೆಗೆದಂತೆ.
ಅಂಪೈರನ ಕೈ ಮೇಲೆದ್ದಾಗ
ಸಾಹುಕಾರರು ಅತ್ತರು. ಬುದವಂತ ಮಾಸ್ತರು
ಎದ್ದು ನಿಂತು, ಮತ್ತೆ ಕೂತು,
ಯಾರಾದರೂ ನೋಡಿದರಾ ಅಂತ ಸುತ್ತ ನೋಡಿದರು.
ನಾನು ನೋಡಿದ್ದೆ.

ಫೈನಲ್ ಸೋತೆವು, ಹನ್ನೊಂದು ಅಂಕಗಳಿಂದ.

ಮರುವರ್ಷದ ಆಯ್ಕೆ. "ಬೈತಖೋಲ?" ಎಂದು ಕೂಗಿದರು.
"ಇಲ್ಲ," ಅಂದೆ.
ಎರಡನೇ ಸುತ್ತು. "ಬೈತಖೋಲ?"
"ಇಲ್ಲ." ಹಾಜರಿದ್ದೂ
ಗೈರುಹಾಜರಿ ಕೂಗಿದ ಹಾಗೆ.
ನಮ್ಮ ಸರದಿಯಲ್ಲಿ ಬೇಲೇಕೇರಿಯವರು ಕರೆದರು:
ಸೋಮು ಬೊಮ್ಮ ಗೌಡ, ಅಮದಳ್ಳಿ, ಹದಿನೇಳು.
ಉದ್ದ ತೋಳು. ಚಪ್ಪಲಿಯ ಬಾರಿಗೆ ಸೇಫ್ಟಿ ಪಿನ್ನು.

ಹೋದ ವರ್ಷದ ಪುಟ ತೆರೆದು
'ಎರಡನೇ ಸುತ್ತಿನ ಹುಡುಗ' ಎಂಬಲ್ಲಿ
ಅವನ ಹೆಸರು ಬರೆದೆ, ಪೆನ್ಸಿಲಿನಲ್ಲಿ.
ಪೆನ್ನು ಇತ್ತು ಕೈಯಲ್ಲಿ. ಆದರೂ.
ಕೊಟ್ಟದ್ದು, ಪಡೆದದ್ದು, ಬಾಕಿ:
ನನ್ನ ಪುಸ್ತಕದಲ್ಲಿ ಇರುವುದು ಈ ಮೂರೇ ಕಲಮು.
ಸರಿಯಾಯಿತೋ ತಪ್ಪಾಯಿತೋ ಬರೆಯಲು
ಜಾಗ ಬಿಟ್ಟಿಲ್ಲ ಯಾರೂ.

ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ.
ಏನೋ ಕೇಳುತ್ತಾನೆ, ಕೇಳಲಿ, ಅಂತ ಕಾದೆ.
"ಅಕ್ಕಾ, ಉಮಾಕಾಂತಣ್ಣ ಬಂದಿದ್ದಾರಾ?
ಆ ಹೆಬ್ಬೆರಳು... ಒಂದು ಸಲ ತೋರಿಸ್ತಾರಾ?"

ಕೆಳಗೆ ಚಹಾದಂಗಡಿಯಲ್ಲಿ ಇದ್ದಾನೆ ಅಂದೆ.
ಪಿನ್ನಿನ ಚಪ್ಪಲಿ ಅಲ್ಲೇ ಬಿಟ್ಟು
ಓಡಿದ.