ಹಾಜರಿ ಪುಸ್ತಕ

ಮೈ ಹನ್ನೊಂದು ವರ್ಷದ್ದು, ಜೀವ ಎರಡೇ ವರ್ಷದ್ದು
ಅಂತ ಬಾನೆಟ್ಟು ತಟ್ಟಿದ ಮೆಕ್ಯಾನಿಕ್ ಮುಕ್ತಿಯಾರ್.
ಎಮ್ಮೆ ಕೊಳ್ಳುವಾಗ ಅಪ್ಪ ಹಲ್ಲು ನೋಡುತ್ತಿದ್ದ,
ಕೆಚ್ಚಲು ಹಿಂಡಿ ನೋಡುತ್ತಿದ್ದ.
ಇದಕ್ಕೆಲ್ಲಿ ಹಲ್ಲು?
ಸೀಟಿನ ಕೆಳಗೊಂದು ಕಪ್ಪು ಪೆಟ್ಟಿಗೆ, ಸೀಲು ಹಾಕಿದ್ದು.

ಮೈಸೂರು, ಗಾಂಧಿನಗರ, ಏಳನೇ ಕ್ರಾಸು.
ಮೊಸರುಬಣ್ಣದ ಪುಟ್ಟ ಕಾರು,
ಎಡಬಾಗಿಲಿಗೆ ಯಾವನೋ ಸೈಕಲ್ಲಿನವನು ಎಳೆದ ಗೀರು.
ನಾನು ಮಂಡ್ಯದವಳು,
ಗುತ್ತಲು ರಸ್ತೆಯಲ್ಲಿ ದೋಸೆಹಿಟ್ಟು ಮಾರುವವಳು.
ನಲವತ್ತು ಮನೆ, ಮೂರು ಹಾಸ್ಟೆಲು, ಒಂದು ಕ್ಯಾಂಟೀನು,
ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರು, ಅಳೆದಿದ್ದೇನೆ.
ಸ್ಕೂಟರಿನಿಂದ ಡಬ್ಬ ಉರುಳಿ ಒಂದು ದಿನ
ಮಹಾವೀರ ಸರ್ಕಲ್ಲಿನ ಡಾಂಬರಿಗೆ
ಹದಿನೆಂಟು ಲೀಟರು ಹುಯ್ದದ್ದಾಯಿತು.
ಅದಕ್ಕೇ ಬಂದದ್ದು. ಷೋಕಿಗಲ್ಲ.

ಲೂರ್ದಮ್ಮ ಟೀಚರು ಟೀ ಕೊಟ್ಟರು, ಬೆಲೆ ಹೇಳಲಿಲ್ಲ.
ಒಳಗಿನಿಂದ ಹಾಜರಿ ಪುಸ್ತಕ ತಂದರು,
ಶಾಲೆಯದೇ, ಉದ್ದನೆಯದು, ನೀಲಿ ಬಟ್ಟೆಯ ಬೆನ್ನು.
ಮಕ್ಕಳ ಹೆಸರಿರಬೇಕಾದ ಕಡೆ ತಾರೀಕು,
ಆಮೇಲೆ ಕಿಲೋಮೀಟರು, ಉಳಿದ ಶೇಕಡಾ, ಹವೆ.
ಪುಟ ತಿರುವಿದಂತೆ ಅಕ್ಷರ ಸಣ್ಣದಾಗುತ್ತ ಬಂತು
ರಜೆ ಕೇಳಲು ನಾಚುವ ಹುಡುಗನ ಚೀಟಿಯ ಹಾಗೆ:
ನಂಜನಗೂಡು ಆಗದು.
ಬೆಟ್ಟ ಬೇಡ.
ಮಾರ್ಕೆಟ್ಟಿಗೆ ಹೋಗಿಬರುವಷ್ಟು.
ಚರ್ಚಿಗೆ ಮಾತ್ರ.
ಆಮೇಲೆ ಕೆಂಪು ಶಾಯಿ: ಗೈರು.
ಗೈರು, ಗೈರು, ನೂರ ಹನ್ನೆರಡು ದಿನ,
ಒಂದೂ ಬಿಡದೆ.

ಯಾಕೆ ಟೀಚರ್, ನಿಂತ ಗಾಡಿಗೆ?
ಬಾರದ ಹುಡುಗನ ಹೆಸರನ್ನೂ ಕೂಗಬೇಕಮ್ಮ,
ಕೂಗದಿದ್ದರೆ ಹೊಡೆದುಹಾಕುತ್ತಾರೆ.

ಹೊಸ ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ:
ಎರಡು ಬಳೆ, ಮೂವತ್ತೆರಡು ಗ್ರಾಮು.
ಪಕ್ಕದಲ್ಲೇ ಶಾಯಿ: ಹಾಜರ್, ನೂರು ಶೇಕಡಾ, ಮೋಡ.

ಇಷ್ಟು ಮಾಡಿ ಮಾರುವುದೇಕೆ ಅಂದೆ.
ಎದುರಿನ ಗಾಡಿಗೆ ನಾಲ್ಕು ದೀಪ ಕಾಣುತ್ತೆ ಈಗ.
ಅದಕ್ಕೆ ಹೊಸದು ಸಿಕ್ಕಿತು, ಹಾಕಿಸಿದೆ.
ನನ್ನ ಕಣ್ಣಿಗೆ ಅಂಥ ಪೆಟ್ಟಿಗೆ ಬಂದಿಲ್ಲವಂತೆ.

ಚೌಕಾಸಿಗೆ ಬಾಯಿ ಬರಲಿಲ್ಲ ಅಂದರೆ ಸುಳ್ಳು.
ಗೀರಿಗೆ ಎರಡು ಸಾವಿರ ಇಳಿಸಿದೆ,
ಸವೆದ ಟೈರಿಗೆ ಐದು.
ಪುಸ್ತಕವನ್ನೂ ಕೊಟ್ಟರೆ ಟೈರಿನದು ವಾಪಸ್ಸು ಅಂದೆ.
ಟೀಚರು ಕನ್ನಡಕ ತೆಗೆದು ಒರೆಸಿದರು,
ತುಂಬ ಹೊತ್ತು ಒರೆಸಿದರು.

ಹೊರಡುವಾಗ ಮೀಟರು ಹೇಳಿತು ನಲವತ್ತೆಂಟು.
ಮಂಡ್ಯ ನಲವತ್ತೈದು.
ಮೂರು ಕಿಲೋಮೀಟರಿನ ನಂಬಿಕೆ.
ಸಿದ್ದಲಿಂಗಪುರಕ್ಕೇ ಏಸಿ ಆರಿಸಿದೆ,
ಶ್ರೀರಂಗಪಟ್ಟಣಕ್ಕೆ ರೇಡಿಯೋ.
ಸದ್ದೇ ಇಲ್ಲದ ಗಾಡಿ, ಹಸು ಕಿವಿಯನ್ನೂ ಅಲ್ಲಾಡಿಸಲಿಲ್ಲ,
ಕತ್ತು ಹೊರಹಾಕಿ ನಾನೇ ಹೊಯ್ ಅಂದೆ.
ಗಣಂಗೂರಿನಲ್ಲಿ ಕೆಂಪು ಆಮೆಯ ಚಿತ್ರ ಹತ್ತಿತು.

ಹೋಟೆಲಿನವ ಗ್ರೈಂಡರಿನ ಪ್ಲಗ್ಗು ಕಿತ್ತು
ನನ್ನದು ಸಿಕ್ಕಿಸಿದ.
ಎರಡು ಗಂಟೆ ಅವನ ಬೆಂಚಿನ ಮೇಲೆ,
ಎರಡು ಇಡ್ಲಿ, ಆಮೇಲೆ ಬಾಯಿ ಸುಮ್ಮನಿರಲಿಲ್ಲ:
ಉದ್ದು ಕಮ್ಮಿ ಆಗದೆ ಕಣಣ್ಣ.
ಸುಮ್ಕೆ ಕುಂತ್ಕಳವ್ವ, ಕರೆಂಟು ನಂದು.

ಪುಸ್ತಕ ಬಿಚ್ಚಿದೆ. ಕೊನೆಯ ಸಾಲು ಇವತ್ತಿನದೇ,
ಬೆಳಿಗ್ಗೆಯೇ, ನಾನು ಹೋಗುವ ಮುಂಚೆಯೇ ಬರೆದಿಟ್ಟದ್ದು:
ಟೀಸಿ ಕೊಡಲಾಗಿದೆ. ನಡತೆ ತೃಪ್ತಿಕರ.

ಹೋಟೆಲಿನವನ ಬಿಲ್ಲು ಬರೆಯುವ ಪೆನ್ನು ಇಸಕೊಂಡು
ಕೆಳಗೆ ತುಂಬಿದೆ:
ಗಣಂಗೂರು. ಹಾಜರ್.
ಹನ್ನೊಂದು ಶೇಕಡಾ.
ಹವೆ ಅನ್ನುವಲ್ಲಿ: ಸೆಕೆ. ಉದ್ದು ಕಮ್ಮಿ.