ಎದೆಮಟ್ಟ

ಮರದ ಸುತ್ತಳತೆ ತೆಗೆಯುವುದು ಎದೆಮಟ್ಟದಲ್ಲಿ,
ನೆಲದಿಂದ ನೂರಾ ಮೂವತ್ತೇಳು ಸೆಂಟಿಮೀಟರಿಗೆ,
ಎಂದು ಹುಣಸೂರಿನ ತರಬೇತಿಯಲ್ಲಿ ಹೇಳಿಕೊಟ್ಟರು,
ಟೀ ಬಿಸ್ಕತ್ತು ಕೊಟ್ಟು.
ಯಾರ ಎದೆ ಎಂದು ನಾನು ಕೇಳಲಿಲ್ಲ.
ದಿನಕ್ಕೆ ನಾನೂರೈವತ್ತು ಕೂಲಿ, ಒಂದು ಟೋಪಿ,
ಕೊರಳಿಗೆ ಗುರುತಿನ ಚೀಟಿ.
ಪುಷ್ಪಲತಾ ಎಂದಿದೆ ಅದರಲ್ಲಿ. ಆಶ್ರಮಶಾಲೆಯ ಮೇಷ್ಟ್ರು
ಹಾಜರಿ ಪುಸ್ತಕಕ್ಕೆ ಬೇಕೆಂದು ಇಟ್ಟ ಹೆಸರು.
ಹಾಡಿಯಲ್ಲಿ ನಾನು ತುಡುವೆ.

ಮರಗಳಿಗೂ ಹಾಗೇ. ಎರಡು ವರ್ಷದ ಹಿಂದೆ
ಮತ್ತಿಗೊಂದು ತಗಡಿನ ಬಿಲ್ಲೆ, ದಿಂಡಿಗಕ್ಕೊಂದು,
ಮೊಳೆ ಹೊಡೆದು ನಂಬರು. ಈಗ ಎರಡನೇ ಸುತ್ತು.
ಯಾವುದರ ಹೊಟ್ಟೆಯಲ್ಲಿ ಎಷ್ಟು ಇಂಗಾಲವೋ
ಮೇಡಂ ಮೊಬೈಲೇ ಹೇಳುತ್ತದೆ.
ದೂರದ ಯಾವುದೋ ಊರಿನ ಹೊಗೆಗೆ
ಇಲ್ಲಿಯ ನೆರಳನ್ನು ಜಮೆ ಹಿಡಿಯುತ್ತಾರಂತೆ.

ಊಟದ ಹೊತ್ತಿಗೆ ಒಂದು ವಿಡಿಯೊ ತೋರಿಸಿದರು:
ಮಂಜಿನ ದೇಶ, ಗೋಡೆಯಷ್ಟೆತ್ತರ ಫ್ಯಾನುಗಳು,
ಗಾಳಿಯನ್ನು ಒಳಗೆಳೆದು ಸೋಸಿ
ಸಿಕ್ಕ ಇಂಗಾಲವನ್ನು ನೀರಲ್ಲಿ ಕಲಸಿ
ಬಂಡೆಯ ಕರುಳಿಗೆ ಇಳಿಸುತ್ತವೆ.
ಎರಡು ವರ್ಷಕ್ಕೆ ಅದೂ ಕಲ್ಲು.

ರಾತ್ರಿ ಅಜ್ಜಿಗೆ ಹೇಳಿದೆ.
"ಗಾಳಿಗೆ ಹೊಗೆ ಬಿಟ್ಟೋರು ಯಾರು?"
"ಅವರೇ."
"ಹಿಡಿಯೋರು?"
"ಅವರೇ."
ಬೊಮ್ಮಿ ಅಜ್ಜಿ ನಗಲಿಲ್ಲ. ಹೊಗೆಯ ಮಾತಿಗೆ ಅವಳು ನಗುವುದಿಲ್ಲ.
ಹಸಿಸೊಪ್ಪಿನ ಸೂಡಿ ಕಟ್ಟಿ ಗಂಡನ ಕೈಗೆ ಕೊಟ್ಟವಳು;
ಹೆಜ್ಜೇನು ಏಳಬೇಕು, ಸಾಯಬಾರದು,
ಅಷ್ಟೇ ಅಷ್ಟು ಹೊಗೆ.
ಮೂಗಲ್ಲೇ ತೂಗುತ್ತಿದ್ದಳು.

ಬುಧವಾರ ಪೌಷ್ಟಿಕ ಆಹಾರದ ಗಾಡಿ ಬರುತ್ತದೆ.
ರಾಗಿ, ತೊಗರಿಬೇಳೆ, ಬೆಲ್ಲ, ಮೊಟ್ಟೆ, ತುಪ್ಪ.
ಅಜ್ಜಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಲ್ಲೆನ್ನುತ್ತದೆ:
ಸೂಡಿಯ ಕಿಡಿ, ಕತ್ತಿಯ ಹಿಡಿ ಸೇರಿ
ಗೆರೆಗಳನ್ನೆಲ್ಲ ತಿಂದಿವೆ.
ಇಲಾಖೆಯ ಹುಡುಗ ಪರಶಿವ ಒಳ್ಳೆಯವನು.
"ತಲೆಗೊಮ್ಮೆ ಒರೆಸ್ಕೋ ಅಜ್ಜಿ, ಎಣ್ಣೆ ಜಿಡ್ಡು ಹತ್ತಲಿ" ಎನ್ನುತ್ತಾನೆ.
ಏಳನೇ ಸಲಕ್ಕೆ ಹಸಿರು ದೀಪ.
ಒಡೆದ ಮೊಟ್ಟೆ ತಾನಿಟ್ಟುಕೊಂಡು ಒಳ್ಳೇದು ಕೊಡುತ್ತಾನೆ.
ಸುಳ್ಳಾಡಬಾರದು, ಆ ತುಪ್ಪ
ನನ್ನ ತಮ್ಮನ ಮೈಗೆ ಹಿಡಿದಿದೆ.
ಕಾಡಿನ ಹಕ್ಕಿನ ಅರ್ಜಿ ಮಾತ್ರ
ಮೂರನೇ ಸಲವೂ ವಾಪಸು:
'ವಾಸವಿದ್ದುದಕ್ಕೆ ಸೂಕ್ತ ಪುರಾವೆ ಲಗತ್ತಿಸಿಲ್ಲ.'

ನಾನೂರ ಹದಿನೇಳನೇ ನಂಬರಿನ ಮತ್ತಿ.
ಅದರ ಬುಡದಲ್ಲೇ ತಾತನನ್ನು ಮಣ್ಣು ಮಾಡಿದ್ದು.
ಹಾಡಿ ಎತ್ತಿಸಿ ಹೊರಗೆ ಹಾಕಿದ ಮೇಲೆ
ಅಜ್ಜಿ ಒಳಗೆ ಕಾಲಿಟ್ಟದ್ದು ಅವತ್ತೇ,
ನನ್ನ ಟೇಪಿನ ತುದಿ ಹಿಡಿಯಲು.
ಮರಕ್ಕೆ ಬೆನ್ನು ಕೊಟ್ಟು ನಿಂತಳು.
ಬಣ್ಣದ ಗೆರೆ ಅವಳ ಹಣೆಗೆ ಬಂತು.
"ಇದ್ಯಾರ ಎದೆಮಟ್ಟ, ತುಡುವೆ?"
ಆಮೇಲೆ ತೊಗಟೆ ಸವರಿ, ಮೆಲ್ಲಗೆ,
"ನಿಮ್ಮ ತಾತನ್ನೂ ಸೇರಿಸಿ ತೂಗ್ತಾರ?"

ಮರ ಮೈ ತುಂಬಿಕೊಳ್ಳುವುದು ಮಣ್ಣಿನಿಂದಲ್ಲ, ಗಾಳಿಯಿಂದ
ಎಂದಿದ್ದರು ಮೇಡಂ.
ಹಾಗಾದರೆ ತಾತ ಇದರೊಳಗೆ ಹೋದದ್ದು ಸತ್ತ ಮೇಲಲ್ಲ,
ಇದರ ಕೆಳಗೆ ಕೂತು ಬೀಡಿ ಸೇದಿ,
ಹಾಡಿ, ಬೈದು, ಗೊರಕೆ ಹೊಡೆದು
ಬಿಟ್ಟ ಉಸಿರಾಗಿ, ಅಷ್ಟಷ್ಟೇ.
ಅದನ್ನು ಅಜ್ಜಿಗೆ ಹೇಗೆ ಹೇಳುವುದೋ ತಿಳಿಯದೆ
ಟೇಪನ್ನು ಕೆಳಗಿಳಿಸಿದೆ,
ಅವಳ ಎದೆಗೆ.
ಬಂದ ಅಂಕಿ ಬರೆದುಕೊಂಡೆ.
ಷರಾ ಎಂಬಲ್ಲಿ ಏನೂ ಬರೆಯಲಿಲ್ಲ.

ಸಂಜೆ ಮೇಡಂ ಹುಬ್ಬು ಗಂಟಾಯಿತು.
"ಎರಡೇ ವರ್ಷಕ್ಕೆ ಹತ್ತೊಂಬತ್ತು ಸೆಂಟಿಮೀಟರಾ?
ಯಾವ ಮತ್ತಿಯೂ ಹೀಗೆ ಊದುವುದಿಲ್ಲ.
ನಾಳೆ ಹೋಗಿ ಮತ್ತೆ ಅಳೆದು ಬಾ."

ಗೇಟಿನ ಗಾರ್ಡು ಪುಸ್ತಕ ತೆರೆದ.
ಹೆಸರು: ಪುಷ್ಪಲತಾ. ಜೊತೆಗೆ: ಸಹಾಯಕಿ ಒಬ್ಬರು.
ಉದ್ದೇಶ: ಅಳತೆ ತಪ್ಪಿದೆ.
ಅಜ್ಜಿಯ ಮಡಿಲಲ್ಲಿ ಬೇಯಿಸಿದ ಒಂದು ಮೊಟ್ಟೆ, ಚೂರು ಬೆಲ್ಲ.
ಬೆಂಕಿಪೊಟ್ಟಣ ಮಾತ್ರ ಅವನು ಇಸಕೊಂಡ,
ಬರುವಾಗ ಕೊಡುತ್ತೇನೆಂದು.