ನಲವತ್ತೊಂದನೇ ಪುಟ

ಮೂವತ್ತು ವರ್ಷ ಧಕ್ಕೆಯಲ್ಲಿ ಬೋಟುಗಳ ಮೂತಿಗೆ
ಹೆಸರು ಬರೆದವ ನಾನು.
ಒಂದೊಂದು ಅಕ್ಷರ ಮೊಣಕೈಯುದ್ದ,
ಅಳಿವೆಯಾಚೆ ನಿಂತು ನೋಡಿದವನಿಗೂ
ಯಾರ ಬೋಟು ಬಂತೆಂದು ತಿಳಿಯಬೇಕು.

ಲವಿನಾ ಕ್ರಾಸ್ತಾ ಬಂದದ್ದು ಮೀನುಗಾರಿಕೆಯ ರಜೆಯಲ್ಲಿ,
ಬಗಲಲ್ಲಿ ತೊಂಬತ್ತಾರು ಹಾಳೆ.
"ಮೋನಪ್ಪಣ್ಣ, ಇಷ್ಟರೊಳಗೆ ಬರೀಲಿಕ್ಕೆ ಆಗ್ತದಾ?"
ಇಷ್ಟು ಅಂದರೆ ಒಂದು ಮೊಟ್ಟೆ.
ಮೊಟ್ಟೆಗೊಂದು ಬಾಲ,
ಬಾಲದ ತುದಿಗೆ ಯಾರದೋ ಬಾಯಿ.

ಚಿತ್ರ ನೋಡಿದೆ: ಬೋಳಾರದ ಹಂಚಿನ ಕಾರ್ಖಾನೆ,
ಈಗ ಬಾಗಿಲು ಹಾಕಿದ್ದು.
ತಲೆ ಮೇಲೆ ಹಂಚಿನ ಅಟ್ಟಿ ಹೊತ್ತ ಸೇಸಿ.
ಪುಟಕ್ಕೆರಡು ಸಲ ಬರೀ ಅವಳ ಬೆನ್ನು.
ಬೆನ್ನನ್ನೇ ಅಷ್ಟು ಸಲ ಯಾಕೆ ಬಿಡಿಸಿದ್ದಿ ಅಂದೆ.
"ಬೇರೆ ಬೇರೆ ಬೆನ್ನು ಅಣ್ಣ, ಸರಿ ನೋಡಿ."
ಸರಿ ನೋಡಿದೆ. ಹೌದು.

ಇಂಗ್ಲಿಷು ಬರೆಯುವವರಿಗೆ ಸುಖ,
ಬೆಂಚಿನ ಮೇಲೆ ಮಕ್ಕಳು ಕೂತ ಹಾಗೆ ಅವರ ಅಕ್ಷರ.
ನಮ್ಮದು ಕೆಳಗೆ ಕಾಲು ಇಳಿಬಿಡ್ತದೆ,
ಮೇಲೆ ಗುಡಿಸು ಎಬ್ಬಿಸ್ತದೆ,
'ಸ್ತ್ರೀ' ಎಂದು ಬರೆದರೆ ಮೊಟ್ಟೆಯೇ ಒಡೀತದೆ.
ದೊಡ್ಡದು ಇಡು ಮಾರಾಯ್ತಿ ಎಂದೆ.
"ಆಗ ಸೇಸಿಯ ಮುಖಕ್ಕೆ ಜಾಗ ಸಾಲುದಿಲ್ಲ."

ಕುಂಚ ಬಿಟ್ಟು ನಿಬ್ಬು ಹಿಡಿದೆ.
ಸ್ಟೇಟ್‌ಬ್ಯಾಂಕಿನಿಂದ ಹೊರಟ ಬಸ್ಸಿನ ಪುಟದಲ್ಲಿ
ಕಂಡಕ್ಟರು ತುಳು, ಹಿಂದಿನ ಸೀಟು ಬ್ಯಾರಿ,
ಕಿಟಕಿ ಬದಿಯ ಇಬ್ಬರು ಕೊಂಕಣಿ,
ಬೋರ್ಡು ಮಾತ್ರ ಕನ್ನಡ.
ಎಲ್ಲದಕ್ಕೂ ನನ್ನ ಇದೊಂದೇ ಕೈ.

ಪ್ರಕಾಶಕರೊಬ್ಬರು ಕೇಳಿದರಂತೆ: ಮಕ್ಕಳಿಗಾ, ದೊಡ್ಡವರಿಗಾ?
ಇನ್ನೊಬ್ಬರು: ಚಿತ್ರ ಸ್ವಲ್ಪ ಕಡಿಮೆ ಮಾಡಬಹುದಲ್ಲ?
ಅವಳ ಸ್ಕೂಟಿ ಮಾರಿದ ದುಡ್ಡು
ಬಂದರಿನ ಹಸನಬ್ಬರ ಪ್ರೆಸ್ಸಿಗೆ ಹೋಯಿತು.
ಮದುವೆ ಕಾಗದ, ಉರೂಸಿನ ನೋಟೀಸು,
ಬಯಲಾಟದ ಹ್ಯಾಂಡ್‌ಬಿಲ್ಲು ಮುಗಿದ ರಾತ್ರಿಗಳಲ್ಲಿ
ಮುನ್ನೂರು ಪ್ರತಿ.
ಪ್ರಕಾಶನ: ಆವೆಮಣ್ಣು.
ವಿಳಾಸ: ಮಿಲಾಗ್ರಿಸಿನ ಹಿಂದೆ ಅವಳ ಬಾಡಿಗೆ ಕೋಣೆ.

ಕಂಡುಹಿಡಿದದ್ದು ಪಿನ್ನು ಹೊಡೆಯುವ ನೆಬಿಸಾ.
ಹೊಡೆಯುತ್ತ ಹೊಡೆಯುತ್ತ ಓದುವ ಚಾಳಿ ಅವಳಿಗೆ.
"ಇದೆಂತದು, 'ಇಲ'?"

ನಲವತ್ತೊಂದನೇ ಪುಟ. ಮೇಸ್ತ್ರಿ ಕಾಗದ ಚಾಚುತ್ತಾನೆ:
ಬಾಕಿ ಎಲ್ಲ ಸಂದಿತು ಅಂತ ಹೆಬ್ಬೆಟ್ಟು ಒತ್ತುತ್ತೀಯಾ?
ಸೇಸಿ ಮೊದಲ ಸಲ ಮುಖ ತಿರುಗಿಸಿ
ಹೇಳಬೇಕಾದ ಮಾತಿಗೆ
ಒತ್ತೇ ಇಲ್ಲ.

ತಪ್ಪು ಯಾರದೆಂದು ಅವಳು ಕೇಳಲಿಲ್ಲ,
ನಾನೂ ಹೇಳಲಿಲ್ಲ.
(ಮೂಲ ಹಾಳೆ ತೆಗೆದು ನೋಡಿದೆ. ನನ್ನದೇ.)

ಪುನಃ ಅಚ್ಚು ಹಾಕಲು ಮಾರಲಿಕ್ಕೆ ಇನ್ನೊಂದು ಸ್ಕೂಟಿ ಇರಲಿಲ್ಲ.
ಶನಿವಾರ ಸಂಜೆ ಪ್ರೆಸ್ಸಿನ ನೆಲದಲ್ಲಿ ನಾಲ್ಕು ಜನ,
ನಾಲ್ಕು ಕಪ್ಪು ಪೆನ್ನು, ಒಂದು ಕೆಟಲಿ ಚಾ.
ತಲೆಕಟ್ಟಿಲ್ಲದ ಪುಟ್ಟ ಲ,
ಮೊಟ್ಟೆಯ ಗೆರೆ ದಾಟಿ ಹೊರಗೆ ಜೋತು ಬೀಳುವಂಥದ್ದು.
ನೆಬಿಸಾಳದ್ದು ಗಾಳದ ಹಾಗೆ ಚೂಪು.
ಹಸನಬ್ಬರದ್ದು ಬಲದಿಂದ ಎಡಕ್ಕೆ ಎಳೆದದ್ದು.
ಲವಿನಾ ಪ್ರತಿ ಸಲ ಗಟ್ಟಿಯಾಗಿ ಓದಿಯೇ ಮುಂದಿನದಕ್ಕೆ ಕೈ ಹಾಕಿದಳು:
ಇಲ್ಲ.
ಇಲ್ಲ.
ಹತ್ತೂವರೆಗೆ ಕರೆಂಟು ಹೋಯಿತು. ಆಮೇಲೂ
ಕತ್ತಲೆಯಲ್ಲಿ ಒಂದು ಸಲ ಇಲ್ಲ ಎಂದಳು,
ಅಭ್ಯಾಸದಿಂದ. ನೆಬಿಸಾ ನಕ್ಕಳು.

ಅಂಗಡಿಯವರು ಅದನ್ನು
ಎಸ್ಸೆಸ್ಸೆಲ್ಸಿ ಗೈಡುಗಳ ಪಕ್ಕ ಇಟ್ಟಿದ್ದಾರೆ.
ಅರುವತ್ತೊಂದು ಹೋಗಿದೆ.
ಲವಿನಾ ಮುಂದಿನದಕ್ಕೆ ಗೆರೆ ಎಳೀತಿದ್ದಾಳೆ,
ಮೊಟ್ಟೆ ಈ ಸಲವೂ ಸಣ್ಣದೇ.
ನಾನು ಬೋಟಿಗೆ ಹೆಸರು ಬರೆಯುವಾಗ
ಒತ್ತನ್ನು ಮೊದಲು ಬರೆದು
ಮೇಲಿನ ಅಕ್ಷರ ಆಮೇಲೆ ಕೂರಿಸ್ತೇನೆ,
ಮಾಲೀಕರು ನಗ್ತಾರೆ.

ಲೆಕ್ಕ ಹಾಕಿದಾಗ ಇನ್ನೂರ ತೊಂಬತ್ತೊಂಬತ್ತು.
ಒಂದನ್ನು ಪೇಪರ್ ತಂದ ರಿಕ್ಷಾದವನಿಗೆ
ಹಸನಬ್ಬರು ಮೊದಲೇ ಕೊಟ್ಟಿದ್ದರಂತೆ.
ಕೈಕಂಬದ ಕಡೆಯವ, ಹೆಸರು ಗೊತ್ತಿಲ್ಲ.
ನಿಮಗೆಲ್ಲಾದರೂ ಸಿಕ್ಕಿದರೆ
ಒಂದು ಒತ್ತು ಹಾಕಿಬಿಡಿ.
ನೀಲಿ ಶಾಯಿಯಾದರೂ ಅಡ್ಡಿಯಿಲ್ಲ.